ಬಿದ್ದವಳನ್ನು ಎಬ್ಬಿಸುವ ಮುನ್ನ

(ಸ್ವಸಹಾಯ ಸಂಘಗಳ ತಾಲ್ಲೂಕು ಸಮಾವೇಶವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಮೈಕಿನ ಮುಂದೆ ಬರುವ ಮೊದಲು ನಿಮ್ಮ ಕೈಯಲ್ಲಿ ಒಂದು ಆಟ ಆಡಿಸಿದೆ. ಒಬ್ಬರು ಅಂಗೈ ಚಾಚಬೇಕು. ಎದುರಿಗಿರುವವರು ಆ ಅಂಗೈಯಿಂದ ಒಂದು ಗೇಣು ದೂರದಲ್ಲಿ ತಮ್ಮ ಮುಖ ಇಟ್ಟುಕೊಂಡು, ಕೈ ಹೋದ ಕಡೆಗೆಲ್ಲ ಹೋಗಬೇಕು. ಕೈ ಕೆಳಗಿಳಿದರೆ ಬಗ್ಗಬೇಕು, ಪಕ್ಕಕ್ಕೆ ಹೊರಳಿದರೆ ಹೊರಳಬೇಕು. ಅಂತರ ಮಾತ್ರ ಹೆಚ್ಚು ಕಡಿಮೆ ಆಗಬಾರದು. ಎಲ್ಲರೂ ನಕ್ಕು ನಕ್ಕು ಸುಸ್ತಾದಿರಿ. “ಹೇಗಿತ್ತು?” ಎಂದು ಕೇಳಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, “ಇದೇನ್ ಹೊಸಾ ಆಟ ಮೇಡಮ್ಮೋರೆ, ಮದ್ವೆಯಾದಾಗಿಂದ ಇದನ್ನೇ ಆಡ್ತಾ ಇವ್ನಿ” ಎಂದರು. ಸಭೆಗೆ ಸಭೆಯೇ ನಕ್ಕಿತು. ಆಮೇಲೆ ಅಂಗೈ ಚಾಚಿದ್ದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು: “ಕೈ ಆಡಿಸುವಾಗ ನಂಗೆ ಖುಷಿಯಾಯ್ತು ಮೇಡಂ. ಖುಷಿಯಾಯ್ತಲ್ಲಾ ಅಂತ ಭಯಾನೂ ಆಯ್ತು.”

ಈ ಎರಡು ಮಾತು ಕೇಳಿದ ಮೇಲೆ ನಾನು ಬರೆದುಕೊಂಡು ಬಂದ ಭಾಷಣದ ಮೊದಲ ಎರಡು ಹಾಳೆ ಬೇಡವಾದವು. ಮೈಗೆ ಗೊತ್ತಿರುವುದು ಬಾಯಿಗೆ ಬರಲು ಬಹಳ ದಿನ ಹಿಡಿಯುತ್ತದೆ ಎಂದು ನಿಮಗೆ ವಿವರಿಸಬೇಕೆಂದಿದ್ದೆ. ನೀವೇ ವಿವರಿಸಿಬಿಟ್ಟಿರಿ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು. ಜೊತೆಗೆ ಕಾಲೇಜಿನ ನಾಟಕದ ಹುಚ್ಚು. ನಿವೃತ್ತಿಯಾದ ಮೇಲೆ ಒಂದು ನಾಟಕ ಶಾಲೆಯವರು, ತಮ್ಮ ಮಕ್ಕಳಿಗೆ ಹನ್ನೆರಡು ದಿನ ಪಾಠ ಮಾಡಿ ಎಂದು ಕರೆದರು. ವಿಷಯ: ಕೌಟುಂಬಿಕ ದೌರ್ಜನ್ಯ. ವಿಧಾನ: ಮಾತಿಲ್ಲದ ಚಿತ್ರಗಳು. ಹದಿನಾರು ಮಕ್ಕಳು, ಹತ್ತು ಹುಡುಗರು, ಆರು ಹುಡುಗಿಯರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಆ ಹನ್ನೆರಡು ದಿನದಲ್ಲಿ ಅವರು ಏನು ಕಲಿತರೋ, ನಾನಂತೂ ಕಲಿತೆ. ಅದನ್ನು ನಿಮಗೆ ಹೇಳಲು ಬಂದಿದ್ದೇನೆ. ಶಾಲೆಯ ಹೆಸರು, ಮಕ್ಕಳ ಹೆಸರು ಹೇಳುವುದಿಲ್ಲ. ಅದರಲ್ಲೂ ಒಬ್ಬಳ ವಿಷಯ ಹೇಳುವ ಮೊದಲು ಅವಳನ್ನೇ ಕೇಳಿದ್ದೇನೆ. “ಹೇಳಿ ಮೇಡಂ, ಆದರೆ ಮನೆ ಬದಲಾಯಿಸಿ ಹೇಳಿ” ಎಂದಳು. ಬದಲಾಯಿಸಿದ್ದೇನೆ.

ಮೊದಲು ಈ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ಹೇಳಿಬಿಡುತ್ತೇನೆ. ಬ್ರೆಜಿಲ್ ದೇಶದಲ್ಲಿ ಅಗಸ್ಟೋ ಬೋಲ್ ಎಂಬ ನಾಟಕಕಾರರಿದ್ದರು. 1931ರಲ್ಲಿ ಹುಟ್ಟಿದವರು, 2009ರಲ್ಲಿ ತೀರಿಕೊಂಡರು. ಅಲ್ಲಿ ಸೈನಿಕ ಸರ್ಕಾರ ಇದ್ದಾಗ, 1971ರಲ್ಲಿ, ಇವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟು ದೇಶ ಬಿಡುವಂತೆ ಮಾಡಿದರು. ‘ಚಿತ್ರಹಿಂಸೆ’ ಎಂಬ ನಮ್ಮ ಕನ್ನಡದ ಮಾತು ನೋಡಿ. ಅಲ್ಲಿ ಚಿತ್ರ ಎಂದರೆ ಪಟ ಅಲ್ಲ, ಬಗೆಬಗೆಯ ಎಂದು ಅರ್ಥ. ಆದರೂ ಈ ಪಾಠ ಮಾಡುವಾಗಲೆಲ್ಲ ಆ ಮಾತು ನನ್ನನ್ನು ಕಾಡುತ್ತದೆ. ಹಿಂಸೆಗೆ ಚಿತ್ರ ಎಂಬ ಹೆಸರು ಅಂಟಿಕೊಂಡಿದೆ, ಇವರೋ ಹಿಂಸೆಯನ್ನು ಚಿತ್ರವಾಗಿ ನಿಲ್ಲಿಸಿ ನೋಡುವುದನ್ನು ಕಲಿಸಿದರು. ಇರಲಿ, ಇದು ಕನ್ನಡ ಮೇಷ್ಟರ ಚಟ.

1973ರಲ್ಲಿ ಬೋಲ್ ಪಕ್ಕದ ಪೆರು ದೇಶದಲ್ಲಿ ಸಾಕ್ಷರತಾ ಆಂದೋಲನಕ್ಕೆ ಸೇರಿ ದುಡಿದರು. ಅಲ್ಲಿ ಎಷ್ಟೋ ಜನರ ಮನೆಮಾತು ಒಂದು, ಸರ್ಕಾರದ ಭಾಷೆ ಇನ್ನೊಂದು. ಬಾಯಿ ಬಿಟ್ಟರೆ ತಪ್ಪಾಗುತ್ತದೆಂಬ ಅಂಜಿಕೆ. ಹಾಗಾಗಿ ಅವರು, “ಮಾತು ಬೇಡ. ನಿಮ್ಮ ಜೊತೆಯವರ ಮೈಯನ್ನೇ ಮಣ್ಣು ಅಂತ ತಿಳಿದು ಮೂರ್ತಿ ಮಾಡಿ ತೋರಿಸಿ” ಎಂಬ ದಾರಿ ಹಿಡಿದರು. ಗಣಪತಿ ಮಾಡುವವರು ಜೇಡಿಮಣ್ಣಿನಲ್ಲಿ ಕೈ, ಸೊಂಡಿಲು ಕೂರಿಸುವುದಿಲ್ಲವೇ, ಹಾಗೆ. ಮೈಸೂರು ದಸರಾದಲ್ಲಿ ಲಾರಿಯ ಮೇಲೆ ಸ್ತಬ್ಧಚಿತ್ರ ಬರುವುದನ್ನು ನೀವು ನೋಡಿದ್ದೀರಿ. ಅದು ನೋಡಿ ಕೈ ಮುಗಿಯಲಿಕ್ಕೆ. ಇದು ನೋಡಿ ಕೈ ಹಾಕಲಿಕ್ಕೆ, ಬದಲಾಯಿಸಲಿಕ್ಕೆ.

ಆ ದೇಶದಲ್ಲೇ ನಡೆದ ಇನ್ನೊಂದು ಕಥೆ ನಿಮಗೆ ಇಷ್ಟವಾಗುತ್ತದೆ. ಅಕ್ಷರ ಬಾರದ ಒಬ್ಬ ಹೆಂಗಸು. ಮನೆ ಕಟ್ಟಿಸುತ್ತೇನೆಂದು ಗಂಡ ಅವಳಿಂದ ದುಡ್ಡು ಈಸಿಕೊಳ್ಳುತ್ತಿದ್ದ. ಪ್ರತಿ ಸಲವೂ ಒಂದು ಕಾಗದ ಕೊಟ್ಟು, “ರಸೀತಿ, ಜೋಪಾನ” ಎನ್ನುತ್ತಿದ್ದ. ಒಂದು ದಿನ ಜಗಳವಾಗಿ, ಆ ಕಾಗದಗಳನ್ನು ಓದು ಬಲ್ಲವರ ಕೈಗೆ ಕೊಟ್ಟಳು. ಅವು ಇನ್ನೊಬ್ಬ ಹೆಂಗಸು ಅವನಿಗೆ ಬರೆದ ಪ್ರೇಮಪತ್ರಗಳು! ಬೋಲ್ ತಂಡದವರು ಇದನ್ನು ನಾಟಕ ಮಾಡಿ, ಈಗ ಅವಳು ಏನು ಮಾಡಬೇಕು ಎಂದು ಜನರನ್ನೇ ಕೇಳಿದರು. ಜನ ಹೇಳಿದಂತೆ ನಟರು ಆಡಿ ತೋರಿಸುವುದು ಆಗಿನ ಕ್ರಮ. ಸಭೆಯಲ್ಲಿದ್ದ ದಪ್ಪನೆಯ ಒಬ್ಬ ಹೆಂಗಸಿಗೆ ಆ ನಟಿ ಆಡಿದ ರೀತಿ ಎಷ್ಟು ಸಲವೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ತಾನೇ ರಂಗದ ಮೇಲೆ ಹೋಗಿ, ಪೊರಕೆ ಹಿಡಿದು ಆ ಪಾಪದ ನಟನಿಗೆ ಬಾರಿಸಿ, ಆಮೇಲೆ ಹೋಗಿ ಊಟ ತರಲು ಅವನಿಗೇ ಹೇಳಿದಳಂತೆ. ನಗಬೇಡಿ, ಅಥವಾ ನಕ್ಕೇಬಿಡಿ. ನೋಡುವವರೇ ಎದ್ದು ಬಂದು ಆಡುವ ನಾಟಕ ಅಲ್ಲಿಂದಲೇ ಶುರುವಾಯಿತೆಂದು ಬೋಲ್ ಬರೆದಿದ್ದಾರೆ. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ‘ಜನ ಸಂಸ್ಕೃತಿ’ ತಂಡ 1985ರಲ್ಲಿ ಹುಟ್ಟಿ, ಇದೇ ದಾರಿಯನ್ನು ಹಳ್ಳಿಗಳಲ್ಲಿ ಬೆಳೆಸಿತು. ‘ಸೋನಾರ್ ಮೇಯೆ’, ಅಂದರೆ ಬಂಗಾರದ ಹುಡುಗಿ, ಎಂಬ ಅವರ ನಾಟಕದಲ್ಲಿ ಹೆಣ್ಣು ನೋಡುವ ಶಾಸ್ತ್ರ, ವರದಕ್ಷಿಣೆ ಎಲ್ಲ ಬರುತ್ತವೆ.

ಎಂಬತ್ತರ ದಶಕದಲ್ಲಿ ನಾವೂ ವರದಕ್ಷಿಣೆಯ ವಿರುದ್ಧ ಬೀದಿ ನಾಟಕ ಆಡಿದೆವು. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಗಂಟಲು ಹರಿಯುವಷ್ಟು ಕೂಗಿದೆವು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ, ಮಗನ ಮದುವೆಗೆ ಸ್ಕೂಟರ್ ಕೇಳಿದ ಅಪ್ಪಂದಿರ ಚಪ್ಪಾಳೆಯೂ ಇತ್ತು. ಆ ನಾಟಕಗಳನ್ನು ನಾನು ಹಳಿಯುವುದಿಲ್ಲ, ಆ ಕಾಲಕ್ಕೆ ಅವು ಬೇಕಿದ್ದವು. ಆದರೆ ನಾವು ಹೇಳುತ್ತಿದ್ದೆವು, ಅವರು ಕೇಳುತ್ತಿದ್ದರು, ಅಷ್ಟೇ.

ಈಗ ನನ್ನ ಹದಿನಾರು ಮಕ್ಕಳ ಬಳಿಗೆ ಬರೋಣ.

ಮೊದಲ ದಿನದ ತಕರಾರು ಮುಟ್ಟುವುದರ ಬಗ್ಗೆ. ಇನ್ನೊಬ್ಬರ ಕೈ, ತಲೆ, ಭುಜ ಹಿಡಿದು ಮೂರ್ತಿಯಂತೆ ನಿಲ್ಲಿಸಬೇಕಲ್ಲ. ಒಬ್ಬ ಹುಡುಗ, “ನಾವು ಕಲಾವಿದರು ಮೇಡಂ, ನಮಗೆ ಆ ಸಂಕೋಚ ಎಲ್ಲ ಇಲ್ಲ” ಎಂದ. ಅವನಿಗಿಲ್ಲ, ಸರಿ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದ ತುದಿ ಸುತ್ತುತ್ತಾ ಸುಮ್ಮನೆ ನಿಂತಿದ್ದಳು. ಮಣ್ಣಿಗೆ ಇಷ್ಟ ಇದೆಯೋ ಇಲ್ಲವೋ ಎಂದು ಗಣಪತಿ ಮಾಡುವವರು ಕೇಳುವುದಿಲ್ಲ, ನಾವು ಕೇಳಲೇಬೇಕು ಎಂದೆ. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದವರು ಎದೆಯ ಮೇಲೆ ಕೈ ಕಟ್ಟಿ ನಿಲ್ಲಲಿ. ಅಂಥವರ ಮುಂದೆ ಚಿತ್ರ ಮಾಡುವವರು ಕನ್ನಡಿಯಂತೆ ನಿಂತು, ತಾವೇ ಆ ಭಂಗಿ ತೋರಿಸಲಿ, ಇವರು ನೋಡಿ ಮಾಡಲಿ. ಕಾರಣ ಯಾರೂ ಕೇಳಬಾರದು. ಮೊದಲ ದಿನ ಒಬ್ಬಳೇ ಕೈ ಕಟ್ಟಿದಳು. ಮೂರನೆಯ ದಿನ ಐದು ಜನ ಕಟ್ಟಿದರು, ಅದರಲ್ಲಿ ಇಬ್ಬರು ಹುಡುಗರು. ಪಾಠ ಹಿಂದೆ ಹೋಯಿತೆಂದು ಶಾಲೆಯವರಿಗೆ ಅನ್ನಿಸಿರಬಹುದು. ನನಗೆ ಪಾಠ ಆಗಷ್ಟೇ ಶುರುವಾದಂತೆ ಕಂಡಿತು. ‘ಬೇಡ’ ಅನ್ನಲು ಬಾಯಿ ಬಿಡಬೇಕಾಗಿಲ್ಲ, ಯಾರೂ ಕೋಪಿಸಿಕೊಳ್ಳುವುದಿಲ್ಲ ಎಂದು ಗೊತ್ತಾದಾಗ ಎಷ್ಟು ಜನಕ್ಕೆ ಬೇಡವಾಗಿತ್ತು ಎಂಬುದು ಹೊರಗೆ ಬಂತು. ಇದನ್ನು ಕಟ್ಟಿಕೊಂಡ ಗಂಡಂದಿರಿಗೂ ಕಲಿಸುವ ಶಾಲೆ ಎಲ್ಲಿದೆಯೋ!

“ಮನೆಯೊಳಗಿನ ಹಿಂಸೆ” ಎಂದು ಹೇಳಿ ಚಿತ್ರ ಮಾಡಿ ಎಂದೆ. ನಾಲ್ಕು ಗುಂಪು, ನಾಲ್ಕು ಚಿತ್ರ, ನಾಲ್ಕೂ ಒಂದೇ. ಕೈ ಎತ್ತಿ ನಿಂತ ಗಂಡು, ನೆಲಕ್ಕೆ ಬಿದ್ದ ಹೆಣ್ಣು, ಅವಳ ಕೂದಲು ಬಿಚ್ಚಿ ಹರಡಿರುತ್ತದೆ. ಟೀವಿ ಧಾರಾವಾಹಿಯಲ್ಲಿ ಹಿನ್ನೆಲೆ ಸಂಗೀತ ಬರುವ ಕ್ಷಣ. ಮಕ್ಕಳ ತಪ್ಪಲ್ಲ, ನಮ್ಮ ಬೀದಿ ನಾಟಕಗಳಲ್ಲೂ ಹಾಗೇ ನಿಲ್ಲಿಸುತ್ತಿದ್ದೆವು. ಆಗ, “ಇದು ನಿನ್ನೆ ರಾತ್ರಿಯದು. ನನಗೆ ಇವತ್ತು ಬೆಳಗ್ಗೆ ಏಳು ಗಂಟೆಯ ಚಿತ್ರ ಬೇಕು” ಎಂದೆ.

ಅರ್ಧ ಗಂಟೆ ಯಾರೂ ಏನೂ ಮಾಡಲಿಲ್ಲ. ಆಮೇಲೆ ಬಂದವು ನೋಡಿ ಚಿತ್ರಗಳು! ಒಂದರಲ್ಲಿ ಹೆಂಡತಿ ದೋಸೆ ಹಾಕುತ್ತಿದ್ದಾಳೆ. ಗಂಡ ತಟ್ಟೆ ಮುಂದೆ ಕೂತಿದ್ದಾನೆ, ತಟ್ಟೆಯನ್ನು ಮಾತ್ರ ನೋಡುತ್ತಿದ್ದಾನೆ. ಮಾವ ಪತ್ರಿಕೆ ಓದುತ್ತಿದ್ದಾರೆ, ಪತ್ರಿಕೆಯನ್ನು ಅವಳ ಮುಖ ಮರೆಯಾಗುವಷ್ಟು ಎತ್ತರಕ್ಕೆ ಹಿಡಿದಿದ್ದಾರೆ. ಹೊರಗೆ ಪಕ್ಕದ ಮನೆಯವಳು ರಂಗೋಲಿ ಬಿಡುತ್ತಿದ್ದಾಳೆ, ತಲೆ ಎತ್ತುತ್ತಿಲ್ಲ. ಯಾರ ಕೈಯೂ ಮೇಲೆ ಎದ್ದಿಲ್ಲ. ಆದರೆ ನೋಡುತ್ತಿದ್ದ ಮಕ್ಕಳಲ್ಲಿ ಒಬ್ಬ, “ಇದು ಆ ಹೊಡೆಯೋ ಚಿತ್ರಕ್ಕಿಂತ ಭಯ ಆಗ್ತದಲ್ರೀ ಮೇಡಂ” ಎಂದ. ಹುಬ್ಬಳ್ಳಿ ಕಡೆಯ ಹುಡುಗ.

ಹೆಣ್ಣು ನೋಡುವ ಶಾಸ್ತ್ರದ ಚಿತ್ರವನ್ನೂ ಮಾಡಿದರು. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದ ಹುಡುಗಿ, ಸಾಲಾಗಿ ಕೂತ ಗಂಡಿನ ಕಡೆಯವರು. ಚಿತ್ರ ನಿಂತ ಮೇಲೆ, ನಾನು ಭುಜ ಮುಟ್ಟಿದವರು ಆ ಭಂಗಿಯಲ್ಲೇ ಮನಸ್ಸಿಗೆ ಬಂದ ಒಂದು ಮಾತು ಹೇಳಬೇಕು. ಹುಡುಗಿ, “ಕಾಲು ನೋಯ್ತಿದೆ” ಎಂದಳು. ಹೆಣ್ಣಿನ ಅಪ್ಪ, “ಎಷ್ಟು ಕೇಳ್ತಾರೋ” ಎಂದ. ಮದುಮಗನಾಗಿದ್ದವನ ಭುಜ ಮುಟ್ಟಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ನಮ್ಮಪ್ಪನ ಕೈ ನನ್ನ ತೊಡೆ ಮೇಲಿದೆ. ಭಾರ ಇದೆ. ನಂಗೆ ಏಳಕ್ಕಾಗಲ್ಲ” ಎಂದ. ಅವನ ಅಪ್ಪನ ಪಾತ್ರ ಮಾಡಿದ್ದವನು ಕೈಯನ್ನು ಎಲ್ಲಿಟ್ಟಿದ್ದೇನೆಂದು ಆಗಲೇ ನೋಡಿಕೊಂಡಿದ್ದು. ಹಾಗೆ ಇಡು ಎಂದು ಯಾರೂ ಹೇಳಿರಲಿಲ್ಲ.

ಇವನು, ಈ ಮದುಮಗನಾಗಿದ್ದವನು, ಸಂಜೆ ನನ್ನ ಹತ್ತಿರ ಬಂದ. ಅವನ ಅಣ್ಣನ ಮದುವೆ ಮುಂದಿನ ತಿಂಗಳಂತೆ. ಹೆಣ್ಣಿನ ಕಡೆಯಿಂದ ಬೈಕು ಮಾತಾಗಿದೆಯಂತೆ. ಮನೆಯಲ್ಲಿ ಮಾತಾಡುತ್ತೇನೆ ಎಂದ. ನಾನು ತುಂಬಾ ಸಂತೋಷಪಟ್ಟೆ. ಮದುವೆ ಮುಗಿದ ಮೇಲೆ ಫೋನ್ ಮಾಡಿದ. ಅವನು ಮಾತಾಡಿರಲಿಲ್ಲ. ಬೈಕಿಗೆ ಹೂವಿನ ಹಾರ ಹಾಕಿ ಕಲ್ಯಾಣ ಮಂಟಪದ ಬಾಗಿಲಲ್ಲೇ ನಿಲ್ಲಿಸಿದ್ದರಂತೆ. ಫೋಟೋದವರು ಎಲ್ಲರನ್ನೂ ಅದರ ಸುತ್ತ ನಿಲ್ಲಿಸಿ, “ಸಾರ್, ಸ್ವಲ್ಪ ಒಳಗೆ ಬನ್ನಿ, ಕೈ ಹ್ಯಾಂಡಲ್ ಮೇಲಿಡಿ” ಎಂದು ಸರಿಪಡಿಸಿದರಂತೆ. “ನಮ್ಮ ಕ್ಲಾಸಿನ ಥರಾನೇ ಮೇಡಂ. ಎಡಗಡೆಯಿಂದ ಮೂರನೆಯವನು ನಾನು” ಎಂದ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹನ್ನೆರಡು ದಿನದ ಪಾಠದಿಂದ ಒಂದು ಬೈಕು ವಾಪಸು ಹೋಗಲಿಲ್ಲ ಎಂಬುದನ್ನು ನಿಮಗೆ ಮುಚ್ಚಿಡುವುದಿಲ್ಲ.

ಈಗ ಆ ಹುಡುಗಿಯ ವಿಷಯ.

ಐದನೆಯ ದಿನ ಅವಳ ಸರದಿ. ನಾಲ್ಕು ಜನರನ್ನು ಕರೆದು, ಒಂದು ಮಾತೂ ಆಡದೆ ನಿಲ್ಲಿಸಿದಳು. ಒಬ್ಬ ಹೆಂಗಸು ತೆರೆದ ಟ್ರಂಕಿನ ಮುಂದೆ ಮಂಡಿಯೂರಿ, ಒಳಗೆ ಏನನ್ನೋ ಹುಡುಕುತ್ತಿದ್ದಾಳೆ. ಗಂಡ ಮಂಚದ ಮೇಲೆ ಬೆನ್ನು ತಿರುಗಿಸಿ ಕೂತಿದ್ದಾನೆ. ಅತ್ತೆ ಬಾಗಿಲಿನ ಎರಡೂ ನಿಲುವುಗಳ ಮೇಲೆ ಕೈಯಿಟ್ಟು ಅಡ್ಡ ನಿಂತಿದ್ದಾಳೆ. ಮೂಲೆಯಲ್ಲಿ ಒಬ್ಬ ಹುಡುಗಿ, ಮುಖದ ಮುಂದೆ ಪುಸ್ತಕ ಹಿಡಿದು ಕೂತಿದ್ದಾಳೆ. ಟ್ರಂಕಿನಲ್ಲಿ ಏನಿತ್ತು, ಒಡವೆಯೋ, ಸೀರೆಯೋ, ತವರಿಗೆ ಹೋಗುವ ಬಸ್ ಚಾರ್ಜೋ, ನಮಗೆ ಗೊತ್ತಿಲ್ಲ. ಕೊಠಡಿ ನಿಶ್ಶಬ್ದವಾಯಿತು.

ಆಗ ನಾನು ಮಾಡಬಾರದ ಕೆಲಸ ಮಾಡಿದೆ. ಹದಿನೈದು ಮಕ್ಕಳ ಎದುರಿಗೆ, “ಆ ಪುಸ್ತಕ ಹಿಡಿದವಳು ನೀನೇನಮ್ಮಾ?” ಎಂದು ಕೇಳಿಬಿಟ್ಟೆ.

ಅವಳು ಉತ್ತರ ಕೊಡಲಿಲ್ಲ. ಮರುದಿನ ತರಗತಿಗೆ ಬರಲಿಲ್ಲ, ಅದರ ಮರುದಿನವೂ. ಹಾಸ್ಟೆಲಿನಲ್ಲಿ ಜ್ವರ ಎಂದರು. ಎರಡು ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ. ಜ್ವರ ಇರಲಿಲ್ಲ. ಏನೇನೋ ಸುತ್ತಿ ಬಳಸಿ ಮಾತಾಡಿದೆ. ಕೊನೆಗೆ ಅವಳೇ ಹೇಳಿದಳು: “ಮೇಡಂ, ನೀವು ಚಿತ್ರದಲ್ಲಿ ಏನಿದೆ ಅಂತ ಕೇಳಬೇಕಿತ್ತು. ಯಾರ ಮನೆ ಅಂತ ಕೇಳಿದ್ರಿ. ಈಗ ಅವರೆಲ್ಲ ನನ್ನ ನೋಡೋ ಥರಾನೇ ಬೇರೆ ಆಯ್ತು.” ನನ್ನ ಮೂವತ್ತು ವರ್ಷದ ಅನುಭವ ಅಲ್ಲಿ ತಲೆ ತಗ್ಗಿಸಿತು. ನೊಂದವಳು ತನ್ನ ನೋವನ್ನು ಚಿತ್ರದ ಮರೆಯಲ್ಲಿ ನಿಂತು ತೋರಿಸುತ್ತಾಳೆ. ನಾವು ಆ ಮರೆಯನ್ನೇ ಕಿತ್ತು ಒಳಗೆ ಇಣುಕಿದರೆ, ಅವಳ ಮನೆಯಲ್ಲಿ ನಡೆದದ್ದನ್ನೇ ಇನ್ನೊಂದು ರೀತಿಯಲ್ಲಿ ನಾವೂ ಮಾಡಿದಂತೆ. ಅಂದಿನಿಂದ ಈ ಪಾಠದಲ್ಲಿ ‘ಯಾರದು’ ಎಂಬ ಪ್ರಶ್ನೆಯನ್ನು ಬಿಟ್ಟಿದ್ದೇನೆ. ‘ಏನು ಕಾಣುತ್ತದೆ’ ಎಂದಷ್ಟೇ ಕೇಳುತ್ತೇನೆ.

ಆದರೆ ಆ ಪ್ರಶ್ನೆ ನನ್ನ ಬಾಯಿಗೆ ಏಕೆ ಬಂತು? ರಾತ್ರಿಯೆಲ್ಲ ಯೋಚಿಸಿದೆ. ಮರುದಿನ ತರಗತಿಯಲ್ಲಿ ನನ್ನದೊಂದು ಚಿತ್ರ ನಿಲ್ಲಿಸಿದೆ. ಮೇಜಿನ ಮುಂದೆ ಒಬ್ಬ ಹೆಂಗಸು, ಒಂದು ಕೈಯಲ್ಲಿ ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನು, ಇನ್ನೊಂದು ಕೈ ರೇಡಿಯೋದ ಗುಂಡಿಯ ಮೇಲೆ. ಅವಳ ಬೆನ್ನ ಹಿಂದೆ ಗೋಡೆ. ಗೋಡೆಯಾಚೆ ಇಬ್ಬರು. ಅವರನ್ನು ಹೇಗೆ ನಿಲ್ಲಿಸಲಿ? ನಾನು ಅವರನ್ನು ಕಂಡಿರಲಿಲ್ಲ, ಕೇಳಿಸಿಕೊಂಡಿದ್ದೆ ಅಷ್ಟೇ. ಎಂಬತ್ತರ ದಶಕದ ಕೊನೆ, ವಠಾರದ ಬಾಡಿಗೆ ಮನೆ. ಸಂಜೆ ಬೀದಿಯಲ್ಲಿ ವರದಕ್ಷಿಣೆಯ ವಿರುದ್ಧ ನಾಟಕ ಆಡಿ ಬಂದು, ರಾತ್ರಿ ಪಕ್ಕದ ಮನೆಯಿಂದ ಸದ್ದು ಬಂದರೆ ರೇಡಿಯೋ ಜೋರು ಮಾಡಿಕೊಂಡು ಪೇಪರು ತಿದ್ದುತ್ತಿದ್ದವಳು ನಾನೇ. ಕೆಲವು ತಿಂಗಳ ನಂತರ ಆ ಮನೆಯವರು ಖಾಲಿ ಮಾಡಿಕೊಂಡು ಹೋದರು. ಅವಳ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಮಕ್ಕಳಿಗೆ ಇದೆಲ್ಲ ಹೇಳಲಿಲ್ಲ. ಚಿತ್ರ ನಿಲ್ಲಿಸಿ, ಬದಲಾಯಿಸಿ ಎಂದೆ. ಯಾರೂ ‘ಇದು ನೀವಾ ಮೇಡಂ’ ಎಂದು ಕೇಳಲಿಲ್ಲ. ನನಗಿಂತ ಬೇಗ ಕಲಿತಿದ್ದರು. ಒಬ್ಬ ಹುಡುಗ ಬಂದು ರೇಡಿಯೋ ಮೇಲಿನ ಕೈಯನ್ನು ತೆಗೆದ, ಅಷ್ಟೇ ಮಾಡಿ ಹೋಗಿ ಕೂತ. ಸದ್ದು ಕೇಳಿಸಲಿ ಎಂದು. ಬಾಗಿಲ ಹತ್ತಿರ, ಎಲ್ಲರಿಗಿಂತ ಹಿಂದೆ, ಆ ಹುಡುಗಿ ಬಂದು ನಿಂತಿದ್ದಳು. ಯಾವಾಗ ಬಂದಳೋ ನೋಡಲಿಲ್ಲ.

ಮಧ್ಯಾಹ್ನ ಅವಳೇ ತನ್ನ ಚಿತ್ರವನ್ನು ಮತ್ತೆ ನಿಲ್ಲಿಸಿದಳು. ಬೋಲ್ ಹೇಳಿದ ಕ್ರಮದಲ್ಲಿ ಮೂರು ಹಂತ ಇವೆ: ಇರುವ ಹಾಗೆ ಒಂದು ಚಿತ್ರ, ಇರಬೇಕಾದ ಹಾಗೆ ಇನ್ನೊಂದು, ಆಮೇಲೆ ಇಲ್ಲಿಂದ ಅಲ್ಲಿಗೆ ಹೋಗುವ ನಡುವಿನ ಚಿತ್ರ. ಮೊದಲೆರಡು ಎಲ್ಲರಿಗೂ ಬರುತ್ತವೆ. ಕಷ್ಟ ಇರುವುದು ನಡುವಿನದರಲ್ಲಿ. ಆಗದ್ದನ್ನು ಆಯಿತೆಂದು ತೋರಿಸಿದರೆ ನೋಡುವವರು “ಮ್ಯಾಜಿಕ್!” ಎಂದು ಕೂಗಬೇಕು.

ಮೊದಲು ಒಬ್ಬ ಹುಡುಗ ಹಾರಿ ಬಂದು, ಟ್ರಂಕಿನ ಮುಂದಿನ ಹೆಂಗಸನ್ನು ಎಬ್ಬಿಸಿ, ಮುಷ್ಟಿ ಎತ್ತಿ ನಿಲ್ಲಿಸಿದ. ಚಪ್ಪಾಳೆ. ನಾನು ಆ ಪಾತ್ರದವಳ ಭುಜ ಮುಟ್ಟಿದೆ. ಅವಳು, “ಎದ್ದಿದೀನಿ. ಆದರೆ ಬಾಗಿಲಲ್ಲಿ ಅತ್ತೆ ಇದಾರೆ. ಎಲ್ಲಿಗೆ ಹೋಗಲಿ?” ಎಂದಳು. “ಮ್ಯಾಜಿಕ್!” ಇನ್ನೊಬ್ಬ ಬಂದು ಅವಳನ್ನೇ ಗಂಡನ ಕಡೆ ತಿರುಗಿಸಿ ಕೈ ಜೋಡಿಸಿ ನಿಲ್ಲಿಸಿದ. ಮತ್ತೊಬ್ಬಳು ಬಂದು ಅವಳ ಕೈಗೆ ಫೋನ್ ಕೊಟ್ಟಳು. ಹೀಗೆ ಏಳು ಜನ ಬಂದು ಏಳೂ ಸಲ ಅವಳನ್ನೇ ಸರಿಪಡಿಸಿದರು. ಗಂಡ ಬೆನ್ನು ಹಾಕಿ ಕೂತೇ ಇದ್ದ. ಯಾರೂ ಅವನನ್ನು ಮುಟ್ಟಿರಲಿಲ್ಲ.

ಆಗ ನನಗೆ ಪೆರುವಿನ ಇನ್ನೊಂದು ಚಿತ್ರ ನೆನಪಾಯಿತು. ಒಟುಸ್ಕೋ ಎಂಬ ಊರಿನ ಯುವತಿಯೊಬ್ಬಳು, ಜಮೀನ್ದಾರರ ಕಡೆಯವರು ರೈತರ ಮುಂದಾಳಿಗೆ ಮಾಡಿದ ಕ್ರೌರ್ಯದ ಚಿತ್ರ ನಿಲ್ಲಿಸಿದ್ದಳಂತೆ. ಅದರಲ್ಲಿ ಮಂಡಿಯೂರಿ ಪ್ರಾರ್ಥಿಸುವ ಹೆಂಗಸೂ ಇದ್ದಳು. ಅಲ್ಲಿಯ ಜನ ಚಿತ್ರವನ್ನು ಬದಲಾಯಿಸಿದಾಗಲೆಲ್ಲ ಆ ಹೆಂಗಸನ್ನು ಮಾತ್ರ ಯಾರೂ ಮುಟ್ಟಲಿಲ್ಲವಂತೆ. ಅವಳಿಂದ ಏನಾದೀತು ಎಂಬ ಭಾವ. ರಾಜಧಾನಿ ಲಿಮಾದ ಹುಡುಗಿಯರು ಮಾತ್ರ ಅವಳಿಂದಲೇ ಬದಲಾವಣೆ ಶುರು ಮಾಡುತ್ತಿದ್ದರೆಂದು ಬೋಲ್ ಬರೆದಿದ್ದಾರೆ. ಇದನ್ನು ಓದಿದಾಗ ನನಗೆ ಬಹಳ ಖುಷಿಯಾಗಿತ್ತು. ಆದರೆ ನಮ್ಮ ತರಗತಿಯಲ್ಲಿ ನಡೆದದ್ದು ತಿರುಗುಮುರುಗು. ನಮ್ಮವರು ಮೊದಲು ಮುಟ್ಟುವುದೂ ಅವಳನ್ನೇ, ಕೊನೆಗೆ ಮುಟ್ಟುವುದೂ ಅವಳನ್ನೇ. ಹಳೆಯ ಕಾಲದವರು “ಹೊಂದಿಕೊಂಡು ಹೋಗು” ಎಂದರು, ನಾವು “ಎದ್ದು ನಿಲ್ಲು” ಎಂದೆವು. ಎರಡೂ ಹೊರೆ ಅವಳ ತಲೆಯ ಮೇಲೇ ಬಿತ್ತು. ಸುತ್ತ ನಿಂತವರು ನಿಂತಲ್ಲೇ ಇದ್ದರು. ಎದ್ದು ನಿಲ್ಲು ಎಂದು ಇಷ್ಟು ವರ್ಷ ಕೂಗಿದವಳು ನಾನು. ಆ ಮಾತು ತಪ್ಪೆಂದು ಈಗಲೂ ಹೇಳುವುದಿಲ್ಲ. ಅವಳು ಎದ್ದಾಗ ಬಾಗಿಲು ತೆರೆದಿದೆಯೇ ಎಂದು ನಾನು ನೋಡಿರಲಿಲ್ಲ.

“ಇನ್ನು ಮುಂದೆ ಅವಳನ್ನು ಮುಟ್ಟುವಂತಿಲ್ಲ. ಉಳಿದವರನ್ನು ಬದಲಾಯಿಸಿ” ಎಂದೆ. ಬಹಳ ಹೊತ್ತು ಯಾರೂ ಏಳಲಿಲ್ಲ. ಒಬ್ಬ ಎದ್ದು ಗಂಡನನ್ನು ಅವಳ ಕಡೆ ತಿರುಗಿಸಿ ನಗಿಸಿದ. “ಮ್ಯಾಜಿಕ್!” ಆಮೇಲೆ ಒಬ್ಬಳು, ಅಷ್ಟು ದಿನ ಬಾಯಿ ಬಿಡದಿದ್ದವಳು, ಎದ್ದು ಬಂದಳು. ಯಾರನ್ನೂ ಮುಟ್ಟಲಿಲ್ಲ. ಅತ್ತೆಯ ತೋಳಿನ ಕೆಳಗೆ ಬಗ್ಗಿ ಒಳಗೆ ಹೋಗಿ, ಟ್ರಂಕಿನ ಪಕ್ಕದಲ್ಲಿ ಆ ಹೆಂಗಸಿಗೆ ಒತ್ತಿಕೊಂಡು ಕೂತಳು. ಚಿತ್ರದಲ್ಲಿ ಇಲ್ಲದ ಐದನೆಯವಳು, ಪಕ್ಕದ ಮನೆಯವಳು. ಯಾರೂ ಮ್ಯಾಜಿಕ್ ಎನ್ನಲಿಲ್ಲ. ಅತ್ತೆಯಾಗಿದ್ದವಳ ಭುಜ ಮುಟ್ಟಿದೆ. “ಈಗ ಒಳಗೆ ಯಾರೋ ಇದಾರೆ. ನಾನು ಹೊರಗೆ ನೋಡ್ತಾ ಬಾಗಿಲು ಕಾಯಕ್ಕಾಗಲ್ಲ, ತಿರುಗಲೇಬೇಕು” ಎಂದಳು. ತಿರುಗಬೇಕಾದರೆ ಒಂದು ಕೈ ಬಿಡಬೇಕಾಯಿತು. ಗಂಡ, “ಬೆನ್ನ ಹಿಂದೆ ಇಬ್ಬರು ಇದಾರೆ ಅಂತ ಗೊತ್ತಾಗ್ತಿದೆ” ಎಂದ, ಅವನ ಬೆನ್ನು ಬಿಗಿಯಾಯಿತು. ಅವನೇನೂ ಒಳ್ಳೆಯವನಾಗಲಿಲ್ಲ.

ಕೊನೆಗೆ, ಚಿತ್ರ ಮಾಡಿದವಳೇ ಎದ್ದಳು. ಮೂಲೆಯಲ್ಲಿದ್ದ ಹುಡುಗಿಯ ಹತ್ತಿರ ಹೋಗಿ, ಮುಖದ ಮುಂದಿದ್ದ ಪುಸ್ತಕವನ್ನು ಎರಡು ಬೆರಳಿನಷ್ಟು ಕೆಳಗಿಳಿಸಿದಳು. ಕಣ್ಣು ಮಾತ್ರ ಕಾಣುವಷ್ಟು. ನಿಂತು ನೋಡಿದಳು. ಇನ್ನಷ್ಟು ಇಳಿಸುತ್ತಾಳೇನೋ ಎಂದುಕೊಂಡೆ. ಇಳಿಸಲಿಲ್ಲ. ಬಂದು ತನ್ನ ಜಾಗದಲ್ಲಿ ಕೂತಳು. ನಾನು ಏನೂ ಕೇಳಲಿಲ್ಲ.

ನಿಮ್ಮಲ್ಲಿ ಕೆಲವರು ಕೇಳಬಹುದು, ಇದರಿಂದ ಏಟು ನಿಲ್ಲುತ್ತದೆಯೇ ಎಂದು. ನಾಟಕ ದೂರು ಬರೆಯುವುದಿಲ್ಲ. ಮೈಮೇಲೆ ಗಾಯ ಇರುವವಳಿಗೆ ಚಿತ್ರ ಮಾಡು ಎನ್ನುವುದು ಅಪರಾಧ, ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಈ ಪಾಠ ಮಾಡುವವರ ಚೀಲದಲ್ಲಿ ಕೆಲವು ವಿಷಯ ಇರಲೇಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಅವಳು ಅದೇ ಮನೆಯಲ್ಲಿ ಇರುವ ಹಕ್ಕನ್ನು ಕೇಳಬಹುದು. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ನಿಮ್ಮ ಅಂಗನವಾಡಿಗೆ ಬರುವ ಸಿಡಿಪಿಓ ಮೇಡಮ್ಮೇ, ಸಂರಕ್ಷಣಾಧಿಕಾರಿ ಕೂಡ. ಮಹಿಳಾ ಸಹಾಯವಾಣಿ 181. ನಾವೆಲ್ಲ ಬಾಯಿಪಾಠ ಮಾಡಿದ್ದ 498-ಎ ಈಗ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 85ನೇ ಕಲಮು ಆಗಿದೆ. ನಂಬರು ಬದಲಾದರೂ ಕ್ರೌರ್ಯ ಅಪರಾಧವೇ.

ಇನ್ನು ನಿಮ್ಮ ಕೆಲಸ. ಎರಡು ವಿಷಯ ಕೊಡುತ್ತೇನೆ, ಬೇಕಾದ್ದನ್ನು ಆರಿಸಿಕೊಳ್ಳಿ. ಒಂದು: ಸಂಘದ ಪುಸ್ತಕದಲ್ಲಿ ‘ಹಸು’ ಎಂದು ಬರೆದು ಸಾಲ ಕೊಟ್ಟಿದ್ದೀರಿ, ಹಸು ಕೊಟ್ಟಿಗೆಗೆ ಬರಲಿಲ್ಲ, ಮಗಳ ಮದುವೆ ಮಂಟಪಕ್ಕೆ ಹೋಯಿತು. ಎಲ್ಲರಿಗೂ ಗೊತ್ತು, ಪುಸ್ತಕಕ್ಕೆ ಮಾತ್ರ ಗೊತ್ತಿಲ್ಲ. ನಗುತ್ತಿದ್ದೀರಿ, ಅಂದರೆ ಗೊತ್ತು. ಇನ್ನೊಂದು: ಸಂಘದ ಸಭೆಗೆ ಒಬ್ಬಳು ಮೂರು ವಾರದಿಂದ ಬಂದಿಲ್ಲ. ಕಂತು ಮಾತ್ರ ಯಾರ ಕೈಯಲ್ಲೋ ಸರಿಯಾಗಿ ಕಳಿಸುತ್ತಿದ್ದಾಳೆ. ಆ ಸಭೆಯ ಚಿತ್ರ ಮಾಡಿ. ಅವಳ ಚಿತ್ರ ಬೇಡ, ಸಭೆಯ ಚಿತ್ರ. ಯಾರು ಪುಸ್ತಕ ಬರೆಯುತ್ತಿದ್ದಾರೆ, ಯಾರು ಗಡಿಯಾರ ನೋಡುತ್ತಿದ್ದಾರೆ, ಅವಳ ಚಾಪೆ ಎಲ್ಲಿದೆ.

ಕುರ್ಚಿಗಳನ್ನು ಗೋಡೆಗೆ ಸರಿಸಿ. ಐದೈದು ಜನ ಒಂದು ಗುಂಪು. ಹತ್ತು ನಿಮಿಷ ಯಾರೂ ಮಾತಾಡಬಾರದು, ಯಾರ ಮನೆಯದು ಎಂದು ಯಾರೂ ಕೇಳಬಾರದು. ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದವರು ಕೈ ಕಟ್ಟಿಕೊಳ್ಳಿ. ನಾನು ಮೈಕು ಆರಿಸುತ್ತೇನೆ.